ಸಡಿಲ ಬಿಟ್ಟ ಬಟ್ಟೆ

ಮನೆಯ ಹಿಂದಿನ ಶೆಡ್ಡು,
ಹದಿನಾಲ್ಕನೇ ತಾರೀಖು, ಶನಿವಾರ ಮಧ್ಯಾಹ್ನ

ನನ್ನ ಪ್ರೀತಿಯ ಹಠಮಾರಿ ಯಜಮಾನರಿಗೆ,

ಕಣ್ಣು ಹೇಗಿದೆ? ಮೂರನೇ ಆಪರೇಷನ್ ಆದಮೇಲೆ ನೀರು ಸುರಿಯುವುದು ನಿಂತಿತೇ? ಹೊತ್ತಿಗೆ ಸರಿಯಾಗಿ ಔಷಧಿ ಹಾಕಿಸಿಕೊಳ್ಳುತ್ತಿದ್ದೀರೋ, ಇಲ್ಲ ಅಲ್ಲೂ ಡಾಕ್ಟರಿಗೇ ಪಾಠ ಹೇಳುತ್ತಿದ್ದೀರೋ? ಈ ಕಾಗದವನ್ನು ನಿಮ್ಮ ಅಕ್ಕ ಓದಿ ಹೇಳುತ್ತಾರೆಂದು ಗೊತ್ತು. ಅತ್ತಿಗೆ, ನಾನು ಬೈದ ಸಾಲುಗಳನ್ನು ನುಂಗಬೇಡಿ, ನಿಮ್ಮ ತಮ್ಮನಿಗೆ ಗಟ್ಟಿಯಾಗಿ ಓದಿ.

ಹೋದ ತಿಂಗಳು ನೀವು ಬರೆಸಿದ ಕಾಗದ ಓದಿ ಎರಡು ದಿನ ನನಗೆ ಊಟ ಸೇರಲಿಲ್ಲ. "ಇನ್ನು ನಾನು ವಿಮಾನ ಹಾರಿಸೋ ಹಾಗಿಲ್ವಂತೆ. ಶೆಡ್ಡಲ್ಲಿರೋ ಆ ವಿಮಾನದ ಪಂಜರಾನ ಶಾಲೆಯವರಿಗೆ ಕೊಟ್ಬಿಡು, ಸಭಾಂಗಣದ ಸೂರಿಗೆ ನೇತುಹಾಕ್ಕೊಳ್ಳಲಿ" ಎಂದಿದ್ದಿರಿ. ಒಂಬತ್ತು ವರ್ಷ ನೀವು ಒಂದೊಂದು ಕೊಳವೆಯನ್ನೂ ಉಜ್ಜಿ, ಬೆಸೆದು, ರೆಕ್ಕೆಯ ಮರದ ಪಟ್ಟಿಗಳನ್ನು ಅಂಟಿಸಿ ಕಟ್ಟಿದ್ದನ್ನು ಜೇಡಗಳಿಗೆ ಬಿಟ್ಟುಕೊಡುವುದೇ? ಎಂಜಿನ್ ಕೂತಿತ್ತು, ಬಟ್ಟೆ ಹೊದಿಸುವುದೊಂದೇ ಬಾಕಿ. ಶಾಲೆಯ ಲಾರಿ ಬಂದಾಗ ಮುಂದಿನ ತಿಂಗಳು ಬನ್ನಿ ಎಂದು ಸಾಗಹಾಕಿದೆ. ಅಷ್ಟರೊಳಗೆ ಹೊದಿಕೆಯನ್ನು ವಿಮಾನ ಪರೀಕ್ಷಕರು ಒಪ್ಪಿದರೆ ಅದು ಹಾರುವ ವಿಮಾನ, ಒಪ್ಪದಿದ್ದರೆ ಶಾಲೆಯ ಸೂರು. ಮೂವತ್ತು ವರ್ಷ ಊರಿನವರ ಮೈಗೆಲ್ಲ ಬಟ್ಟೆ ಹೊಲಿದವಳಿಗೆ ಇದೇನು ಮಹಾ ಎಂದು ಟೊಂಕ ಕಟ್ಟಿ ನಿಂತೆ.

ಬಾಲದ ಚುಕ್ಕಾಣಿಯಿಂದ ಶುರು ಮಾಡಿ ಅಲ್ಲೇ ಎಡವಿದೆ. ಸೋಫಾಗೆ ಬಟ್ಟೆ ಹೊದಿಸುವಾಗ ಎಳೆದು ಬಿಗಿಯುವುದು ನನ್ನ ಕೈಗೆ ರೂಢಿ. ಒಂದು ಸುಕ್ಕು ಉಳಿದರೂ ನನಗೆ ಸಮಾಧಾನವಿಲ್ಲ. ಇದನ್ನೂ ಹಾಗೇ ಹಲ್ಲು ಕಚ್ಚಿ ಎಳೆದು ಅಂಟಿಸಿ, ಒಂದೇ ಪಕ್ಕಕ್ಕೆ ಪೂರ್ತಿ ಕಾವಿನಲ್ಲಿ ಇಸ್ತ್ರಿಪೆಟ್ಟಿಗೆ ಇಟ್ಟೆ. ಈ ಬಟ್ಟೆಯೋ ಬಿಸಿ ತಾಗಿದರೆ ತಾನೇ ಕುಗ್ಗಿ ಬಿಗಿಯಾಗುವ ಜಾತಿಯದು. ನನ್ನ ಎಳೆತಕ್ಕೆ ಅದರ ಎಳೆತವೂ ಸೇರಿ, ಚುಕ್ಕಾಣಿಯ ಹಿಂದಿನ ಅಂಚು ಕಣ್ಣೆದುರೇ ಬಿಲ್ಲಿನಂತೆ ಬಾಗಿತು. ನೆಲದ ಮೇಲೆ ಕೂತು ಅತ್ತುಬಿಟ್ಟೆ, ಸುಳ್ಳೇಕೆ ಹೇಳಲಿ. ನಿಮ್ಮ ಗೆಳೆಯ ವೆಲ್ಡರ್ ಬಂದು ನೋಡಿ, "ಏನ್ ಟೈಲರಮ್ಮ, ಒದ್ದೆ ಬಟ್ಟೆ ಹಿಂಡೋ ಹಾಗೆ ಹಿಂಡಿದ್ದೀರಲ್ಲ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೂ ಸಂಜೆಯೊಳಗೆ ಅದನ್ನು ನೆಟ್ಟಗೆ ಮಾಡಿಕೊಟ್ಟರು.

ಆಮೇಲೆ ಬುದ್ಧಿ ಬಂದು ನಿಮ್ಮ ಕೈಪಿಡಿ ತೆಗೆದೆ. ಬಟ್ಟೆಯನ್ನು ಸಡಿಲವಾಗಿ ಬಿಡಬೇಕು ಎಂದಿತ್ತು. ಟೈಲರಿಗೆ ಇದಕ್ಕಿಂತ ಕಷ್ಟದ ಮಾತು ಇನ್ನೊಂದಿಲ್ಲ! ಗಿರಾಕಿಗಳು ನೋಡಿದರೆ ಮಾನ ಹೋಗುವಷ್ಟು ಜೋಲು ಬಿಟ್ಟು ಚುಕ್ಕಾಣಿಗೆ ಹೊಸ ಬಟ್ಟೆ ಹೊದಿಸಿದೆ, ರೆಕ್ಕೆಗೂ ಹಾಗೇ ಅಂಟಿಸಿದೆ. ಇಸ್ತ್ರಿಪೆಟ್ಟಿಗೆಯ ಗುಂಡಿಯನ್ನು ನಂಬದೆ, ಅದರ ತಳಕ್ಕೆ ಥರ್ಮಾಮೀಟರ್ ಹಿಡಿದು ಗುರುತು ಹಾಕಿಕೊಂಡೆ. ಮೊದಲು ಮೇಲೂ ಕೆಳಗೂ ನೂರ ಇಪ್ಪತ್ತು ಡಿಗ್ರಿ, ಆಮೇಲೆ ನೂರ ಐವತ್ತು, ಕೊನೆಗೆ ನೂರ ಎಪ್ಪತ್ತೈದು. ಒತ್ತುವ ಹಾಗಿಲ್ಲ, ಸುಮ್ಮನೆ ತೇಲಿಸಿಕೊಂಡು ಹೋಗಬೇಕು. ಸುಕ್ಕುಗಳು ತಾವಾಗಿಯೇ ಮಾಯವಾಗಿ, ಒಳಗಿನ ನಿಮ್ಮ ಪಟ್ಟಿಗಳು ಎದ್ದು ಕಂಡವು. ಒಂದೂ ಅಂಕುಡೊಂಕಿಲ್ಲ ಕಣ್ರೀ! ಮದುವೆಯಾದ ಇಷ್ಟು ವರ್ಷಗಳಲ್ಲಿ ನಿಮ್ಮ ಬಗ್ಗೆ ಅಷ್ಟು ಹೆಮ್ಮೆ ನನಗೆ ಯಾವತ್ತೂ ಆಗಿರಲಿಲ್ಲ. ಇನ್ನು ಬಟ್ಟೆಯನ್ನು ಪಟ್ಟಿಗಳಿಗೆ ಬಿಗಿದ ಹೊಲಿಗೆ: ಎರಡು ಅಂಗುಲಕ್ಕೊಂದು ಗಂಟು, ಎರಡು ರೆಕ್ಕೆ ಸೇರಿ ಒಂಬೈನೂರ ಚಿಲ್ಲರೆ. ಅದರಲ್ಲಿ ಮಾತ್ರ ನನಗೆ ಯಾವ ಕೈಪಿಡಿಯೂ ಬೇಕಾಗಲಿಲ್ಲ.

ನಿನ್ನೆ ಪರೀಕ್ಷಕರು ಬಂದಿದ್ದರು. ಗಂಟುಮುಖದ ಮನುಷ್ಯ, ಮಾತು ಕಮ್ಮಿ. ರೆಕ್ಕೆಯುದ್ದಕ್ಕೂ ಬೆರಳಿನಿಂದ ಬಡಿಯುತ್ತ ಕಿವಿಗೊಟ್ಟರು. ಬಟ್ಟೆ ಢಣ್ ಢಣ್ ಅನ್ನುತ್ತಿತ್ತು. ಚುಕ್ಕಾಣಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿದಾಗ ನನಗೆ ತಡೆಯಲಾಗಲಿಲ್ಲ. ಅದು ಬಾಗಿದ್ದು, ನೆಟ್ಟಗಾದದ್ದು, ಎಲ್ಲ ಒದರಿಬಿಟ್ಟೆ. ಅವರು ದಾರ ಹಿಡಿದು ಎರಡು ಸಲ ಅಳೆದರು. "ನೀವು ಹೇಳದಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ಲ. ಹೇಳಿದ್ರಲ್ಲ, ಅದಕ್ಕೇ ಉಳಿದ ಹೊಲಿಗೇನೂ ನಂಬ್ತೀನಿ" ಎಂದು ಸಹಿ ಹಾಕಿದರು. ಅತ್ತಿಗೆ, ಈ ಸಾಲನ್ನು ಇನ್ನೊಂದು ಸಲ ಓದಿ. ಕೊನೆಗೆ ಪೆನ್ನು ಎತ್ತಿ, "ಸರಿ, ಇದನ್ನ ಹಾರಿಸೋರು ಯಾರು?" ಎಂದು ಕೇಳಿದಾಗ ಮಾತ್ರ, ಕಾಫಿ ತರುತ್ತೇನೆಂದು ಒಳಗೆ ಓಡಿದೆ.

ಶಾಲೆಯವರಿಗೆ ಬೇರೆ ಏನನ್ನಾದರೂ ನೇತುಹಾಕಿಕೊಳ್ಳಿ ಎಂದು ಹೇಳಿಯಾಯಿತು. ಇನ್ನು ಬಣ್ಣ ಹಚ್ಚಬೇಕು, ಯಾವ ಬಣ್ಣ ಎಂದು ಬರೆಸಿ. ಕಣ್ಣು ಉಜ್ಜಬೇಡಿ. ಅತ್ತಿಗೆಯ ಮಂಡಿನೋವು ಬೇಗ ವಾಸಿಯಾಗಲಿ, ಅವರಿಗೆ ನನ್ನ ನಮಸ್ಕಾರ.

ಸದಾ ನಿಮ್ಮವಳೇ ಆದ
ಟೈಲರಮ್ಮ

ಅಂದಹಾಗೆ: ಅತ್ತಿಗೆ, ಇದನ್ನು ಓದುವ ಮುಂಚೆ ಅವರನ್ನು ಕುರ್ಚಿಯಲ್ಲಿ ಕೂರಿಸಿ. ರೀ, ನಿಮ್ಮ ಕಣ್ಣು ಇನ್ನು ವಿಮಾನ ಹಾರಿಸಲು ಬಿಡುವುದಿಲ್ಲವೆಂದು ಡಾಕ್ಟರು ಮೊದಲ ಆಪರೇಷನ್ ದಿನವೇ ನನ್ನ ಕಿವಿಯಲ್ಲಿ ಹೇಳಿದ್ದರು. ಆವತ್ತಿನಿಂದ ನಾಲ್ಕು ತಿಂಗಳು, ಬೆಳಗ್ಗೆ ಪರದೆಯ ಅಳತೆಗೆ ಹೋಗಿದ್ದೆ ಎನ್ನುತ್ತಿದ್ದೆನಲ್ಲ, ಅದೆಲ್ಲ ಸುಳ್ಳು. ಫ್ಲೈಯಿಂಗ್ ಕ್ಲಬ್ಬಿಗೆ ಹೋಗುತ್ತಿದ್ದೆ. ಮೊನ್ನೆ ಗುರುವಾರ ಕಲಿಸುವವರು ಕೆಳಗಿಳಿದು ನಿಂತರು. ನಾನೊಬ್ಬಳೇ ಏರಿಸಿ, ಒಂದು ಸುತ್ತು ಹಾಕಿ, ಇಳಿಸಿದೆ. ಲೈಸೆನ್ಸಿನ ಪರೀಕ್ಷೆ ಇನ್ನೂ ಇದೆ, ಪಾಸಾಗುತ್ತೇನೆ. ನಮ್ಮ ವಿಮಾನದಲ್ಲಿ ಸೀಟು ಎರಡಿವೆ. ಹಿಂದಿನದು ನಿಮಗೆ.