ಫೋಟೋದ ಹಿಂದಿನ ಸಂಸಾರ

ಫೆಬ್ರುವರಿ 7, ಬೆಳಿಗ್ಗೆ

ಮತ್ತೆ ಕಸ. ಒಣ ಹುಲ್ಲು, ಕಸಬರಿಗೆಯ ಕಡ್ಡಿ, ಒಂದು ಪುಕ್ಕ, ನನ್ನದೇ ಹಳೆಯ ಬನಿಯನ್ನಿನ ದಾರ. ಗುಡಿಸಿ ಹಾಕಿ, ಚಹಾ ಕುಡಿದು ಬಂದು ನೋಡಿದರೆ ಮತ್ತೆ ಅಷ್ಟೇ. ಹೆಂಡತಿ ನೀಲಗಂಗಾಳ ಫೋಟೋದ ಹಿಂದೆ ಗುಬ್ಬಿ ಜೋಡಿಯೊಂದು ಗೂಡು ಕಟ್ಟುತ್ತಿದೆ. ತಪ್ಪು ನನ್ನದೇ. ಟ್ಯೂಬ್‌ಲೈಟು ಗಾಜಿನಲ್ಲಿ ಹೊಳೆದು ಅವಳ ಮುಖ ಕಾಣುತ್ತಿರಲಿಲ್ಲ. ಹಾಗಾಗಿ ಫೋಟೋವನ್ನು ಮುಂದಕ್ಕೆ ಬಾಗಿಸಿ ತೂಗುಹಾಕಿದ್ದೆ. ಗೋಡೆಗೂ ಅದಕ್ಕೂ ನಡುವೆ ಅಂಗೈ ಹಿಡಿಸುವಷ್ಟು ಸಂದಿ. ಸಾಕಾಯಿತು ಅವಕ್ಕೆ. ಬಾಡಿಗೆ ಇಲ್ಲ, ಡಿಪಾಜಿಟ್ ಇಲ್ಲ.

ಇವಳಿದ್ದಾಗ ಗುಬ್ಬಿಗಳ ಜೊತೆ ದಿನಾ ಜಗಳ. "ನಿಮ್ಮ ಬಾಯಾಗ ಮಣ್ಣ ಹಾಕಲಿ, ಈಗರೆ ನೆಲಾ ಒರಸೀನಿ" ಎಂದು ಬೈಯುವಳು. ಜೋಳ ಹಸನು ಮಾಡುವಾಗ ಅದೇ ಬಾಯಿಗೆ ಒಂದು ಮುಷ್ಟಿ ನುಚ್ಚು ತೂರುವಳು. ಈಗ ಬೈಯುವವರೂ ಇಲ್ಲ, ನುಚ್ಚೂ ಇಲ್ಲ. ಆದರೂ ಬಂದಿವೆ... ಇರಲಿ.

ಫೆಬ್ರುವರಿ 9, ಸಂಜೆ

ಮಹಡಿ ಮೇಲೆ ಬಾಡಿಗೆಗಿರುವ ಅಹಮದಸಾಬರ ಮಗಳು ಅಫ್ರೀನ್ ಬಂದಿದ್ದಳು. ಒಂಬತ್ತನೆಯ ಈಯತ್ತೆ. ಪರಿಸರ ವಿಜ್ಞಾನದ ಪ್ರಾಜೆಕ್ಟ್ ಅಂತೆ. ಮನೆಯ ಹತ್ತಿರದ ಒಂದು ಜೀವಿಯನ್ನು ಮುಟ್ಟದೆ, ಓಡಿಸದೆ, ತಿಂಗಳಿಡೀ ನೋಡಿ ಬರೆಯಬೇಕು.

"ಎಲ್ಲಾರೂ ನಾಯಿ, ಇರವಿ ತಗೊಂಡಾರ್ರಿ ಅಜ್ಜಾರ. ನಾ ಹಲ್ಲಿ ತಗೊಂಡೆ. ಅದು ಕಪಾಟಿನ ಹಿಂದ ಹೋಗಿ ಕುಂತೈತಿ, ಹೊರಗ ಬರವಲ್ದು. ಎರಡ ದಿನದಿಂದ 'ಹಲ್ಲಿ ಕಾಣಲಿಲ್ಲ' ಅಂತ ಬರಿಯಾಕತ್ತೇನಿ."

"ಏನೂ ಮಾಡದ ಜೀವಿ ಬೇಕಂದ್ರ ನಾ ಇದ್ದೇನಲ್ಲ, ನನ್ನ ತಗೋ."

ನಕ್ಕಳು. ಅಷ್ಟರಲ್ಲಿ ಗಂಡುಗುಬ್ಬಿ ತಲೆಯ ಮೇಲಿಂದ ಸರ್‍ರನೆ ಹೋಗಿ ಫೋಟೋದ ಹಿಂದೆ ಸೇರಿತು. ಹಲ್ಲಿಗೆ ಅಲ್ಲೇ ರಾಜೀನಾಮೆ.

ನಾನೂ ಸುಮ್ಮನಿರಲಿಲ್ಲ. ಹಳೆಯ ಬಿ.ಎ. ಪೊಗರು. "ರಿಪೋರ್ಟ್ ಅಂದ್ರ ಪ್ಯಾಸಿವ್ ವಾಯ್ಸಿನ್ಯಾಗ ಇರಬೇಕವಾ. 'ಇಟ್ ವಾಜ್ ಅಬ್ಸರ್ವ್ಡ್ ದ್ಯಾಟ್' ಅಂತ ಸುರು ಮಾಡು."

"ನೋಡಿದವ್ರು ಯಾರು ಅಂತ ಬರಿಯೂದು ಬ್ಯಾಡೇನ್ರಿ?"

"ಬ್ಯಾಡ. ಸೈನ್ಸಿನ್ಯಾಗ ಯಾರೂ ಇರೂದಿಲ್ಲ."

"ನಮ್ಮ ಮಿಸ್ 'ಐ ಸಾ' ಅಂತ ಬರೀರಿ ಅಂದಾರ."

ಕಾಲ ಕೆಟ್ಟಿದೆ.

ಫೆಬ್ರುವರಿ 12

ಸ್ಟೂಲು ನಾನು ಹಿಡಿದೆ. ಅಫ್ರೀನ್ ಹತ್ತಿ, ಗುಬ್ಬಿ ಹೊರಗೆ ಹೋದ ಹೊತ್ತು ನೋಡಿ, ಮೊಬೈಲನ್ನು ಸಂದಿಯ ಮೇಲೆ ಹಿಡಿದು ಒಂದೇ ಒಂದು ಫೋಟೋ ತೆಗೆದಳು. ನಾಲ್ಕು ತತ್ತಿ! ಬೂದು ಚುಕ್ಕೆಯವು. ನೀಲಾಳ ಜಡೆ ಇರಬೇಕಾದ ಜಾಗದಲ್ಲಿ ಸರಿಯಾಗಿ.

ಇವತ್ತಿನಿಂದ ಫ್ಯಾನ್ ಬಂದ್. ಗುಬ್ಬಿ ಹಾರುವ ದಾರಿಯಲ್ಲೇ ಅದು ತಿರುಗುತ್ತದೆ. ಸ್ವಿಚ್ಚಿನ ಮೇಲೆ ಅಫ್ರೀನ್ ಕಾಗದದ ಪಟ್ಟಿ ಅಂಟಿಸಿ, ಕೆಂಪು ಪೆನ್ನಿನಲ್ಲಿ ತಲೆಬುರುಡೆ ಬರೆದು ಹೋಗಿದ್ದಾಳೆ. ಶಿವರಾತ್ರಿ ಇನ್ನೂ ಆಗಿಲ್ಲ, ಆಗಲೇ ಈ ಸೆಕೆ. ಅಟ್ಟದಿಂದ ಬೀಸಣಿಕೆ ಇಳಿಸಿದೆ. ಸ್ಟ್ರಗಲ್ ಫಾರ್ ಎಕ್ಸಿಸ್ಟೆನ್ಸ್ ಅಂದರೆ ಇದೇ ಇರಬೇಕು—ನನ್ನದು.

ಫೆಬ್ರುವರಿ 25

ಮರಿ ಆಗಿವೆ. ನಾಲ್ಕೂ. ಚೀಂವ್ ಚೀಂವ್, ಬೆಳಕು ಹರಿಯುವ ಮೊದಲೇ. ಸಂಭ್ರಮಕ್ಕೆ ಕಿಟಕಿಯಲ್ಲಿ ಮೆತ್ತಗಿನ ಅನ್ನ ಇಟ್ಟೆ. ಅಫ್ರೀನ್ ಸೊಂಟದ ಮೇಲೆ ಕೈ ಇಟ್ಟಳು. "ಮರಿಗೆ ಅನ್ನ ಅಲ್ರಿ ಅಜ್ಜಾರ, ಹುಳ ಬೇಕ. ಪ್ರೋಟೀನ್."

ಸರಿ. ಕೇಶ್ವಾಪುರದ ಪ್ಯಾಟಿಯಲ್ಲಿ ಹುಳುಕು ಬದನೇಕಾಯಿ ಕೇಳಿ ತಗೊಂಡೆ. ಮಾರುವಾಕೆ ಕೊಡಲೋ ಬೇಡವೋ ಎಂದು ಒಂದು ನಿಮಿಷ ನನ್ನ ಮುಖ ನೋಡಿದಳು. ಸೀಳಿ ಕಟ್ಟೆಯ ಮೇಲಿಟ್ಟೆ. ಗಂಡುಗುಬ್ಬಿ ಹುಳ ಆರಿಸಿ ಒಯ್ದಿತು. ಜೀವನದಲ್ಲಿ ಇಷ್ಟು ಖುಷಿ ಯಾವ ಬದನೇಕಾಯಿಯೂ ಕೊಟ್ಟಿರಲಿಲ್ಲ.

ಮಧ್ಯಾಹ್ನ ಮುಗದದಿಂದ ಕಾಳವ್ವ ಅಕ್ಕನ ಫೋನು. ಎರಡನೇ ತಾರೀಖು ನೀಲಾಳ ವರ್ಷದ ಪೂಜೆ. "ಫೋಟೋ ಇಳಸಿ, ಒರಸಿ, ಕುರ್ಚಿ ಮ್ಯಾಲ ಇಟ್ಟಿರು. ವಿಭೂತಿ ಹಚ್ಚಿ ಎಡಿ ಹಿಡೀಬೇಕು. ತಿಳೀತಿಲ್ಲೋ ಶಂಭು?"

ಹೂಂ ಅಂದೆ. ಗುಬ್ಬಿಯ ಮಾತು ಬಾಯಿಗೆ ಬರಲಿಲ್ಲ. ಈ ವಯಸ್ಸಿನಲ್ಲೂ ಅಕ್ಕನೆಂದರೆ ಅಂಜಿಕೆ.

ಫೋಟೋ ಇಳಿಸಿದರೆ ಗೂಡು ಕಳಚಿ ಬೀಳುತ್ತದೆ. ಬೇರೆ ಫೋಟೋ ಇಡೋಣವೆಂದರೆ ಇಲ್ಲ. ಕ್ಯಾಮೆರಾ ಕಂಡರೆ ಅಡುಗೆಮನೆಗೆ ಓಡುವ ಹೆಂಗಸು. ಇದೊಂದೇ, ಯಾರದೋ ಮದುವೆಯ ಗುಂಪಿನಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದು. ಅವಳ ಮೊದಲ ವರ್ಷದ ಎಡೆ, ಅವಳ ಮುಖವಿಲ್ಲದೆ ಹಿಡಿಯಲೇ? ಇಲ್ಲಾ ಆ ನಾಲ್ಕನ್ನು...

ಮಾರ್ಚ್ 1, ಸಂಜೆ

ಅಕ್ಕ ಬಂದಳು. ಹೆಗಲಿಗೆ ಚೀಲ, ಚೀಲದಲ್ಲಿ ಬೆಲ್ಲ, ಕಡ್ಲಿಬ್ಯಾಳಿ. "ಏನೋ ಇದು, ಮನಿ ಹಂಡೆ ಕುದ್ದಂಗ ಕುದಿಯಾಕತ್ತೈತಿ!" ಎನ್ನುತ್ತಲೇ ಸ್ವಿಚ್ಚಿನ ಪಟ್ಟಿಗೆ ಕೈ ಹಾಕಿದಳು. ಹೆಣ್ಣುಗುಬ್ಬಿ ಆಗಷ್ಟೇ ಕಿಟಕಿಯಿಂದ ಒಳಗೆ—

"ಅಕ್ಕಾ! ಕೈ ತಗಿ!"

ಹುಟ್ಟಿದಾಗಿನಿಂದ ಅವಳ ಮೇಲೆ ದನಿ ಎತ್ತಿದವನಲ್ಲ. ಇಬ್ಬರೂ ಗಾಬರಿಯಾದೆವು. ಆಮೇಲೆ ಎಲ್ಲ ಹೇಳಿದೆ. ತೊದಲುತ್ತ.

"ಪೂಜಿ ದೊಡ್ಡದೋ, ಗುಬ್ಬಿ ದೊಡ್ಡದೋ?"

ನಾನು ಚಹಾಕ್ಕೆ ನೀರಿಟ್ಟೆ.

"ಮಕ್ಕಳಿಲ್ಲದಾಕಿ ಆಕಿ. ಮಾಡೋರು ನಾವ ಇಬ್ರು. ಅದನ್ನರೆ ನೆಟ್ಟಗ ಮಾಡೂದು ಬ್ಯಾಡೇನೋ?" ಕಣ್ಣಲ್ಲಿ ನೀರು. ಚಹಾ ಕೊಟ್ಟೆ, ಮುಟ್ಟಲಿಲ್ಲ.

ಕೂಗಿದ್ದು ಕೇಳಿ ಅಫ್ರೀನ್ ಮೆಟ್ಟಿಲಿಳಿದು ಬಂದಳು. ಅಕ್ಕನ ಪಕ್ಕ ಕೂತು ಮೊಬೈಲು ಮುಂದೆ ಹಿಡಿದಳು. "ನೋಡ್ರಿ ಅಮ್ಮಾರ, ಮುಂಜಾನಿ ತಗದದ್ದು." ನಾಲ್ಕು ಬಾಯಿ, ಅಷ್ಟೇ. ಮೈಯೆಲ್ಲ ಬಾಯಿಯೇ.

ಅಕ್ಕ ಮೊಬೈಲು ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು. ಆಮೇಲೆ ತಲೆ ಎತ್ತಿ ಗೋಡೆಯ ಮೇಲಿನ ನೀಲಾಳನ್ನು. ಬಹಳ ಹೊತ್ತು.

"ಒಂದು ಕೂಸಿಲ್ಲಂತ ಎಷ್ಟ ಅತ್ತಿದ್ದಳೋ ಶಂಭು. ಈಗ ನೋಡು... ಬೆನ್ನಿಗೆ ನಾಕು ಕಟಗೊಂಡು ನಿಂತಾಳ."

ಸೆರಗಿನಿಂದ ಮೂಗೊರೆಸಿ, ಆರಿದ ಚಹಾ ಕುಡಿದಳು. ಹರಿದ ಪಟ್ಟಿಯನ್ನು ತಾನೇ ಎಂಜಲು ಹಚ್ಚಿ ಅಂಟಿಸಿದಳು.

ಮಾರ್ಚ್ 2

ಪೂಜೆ ಆಯಿತು. ಪೂಜೆ ಮಾಡಿಸಲು ಬಂದ ಶಾಂತಯ್ಯನವರು ಖಾಲಿ ಕುರ್ಚಿ ನೋಡಿ "ಫೋಟೋ ಎಲ್ಲೆವಾ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ—

"ಇಳಸೂದಿಲ್ರಿ ಅಯ್ನೋರ. ಆಕಿ ಬಾಣತಿ ಅದಾಳ."

ಅವರು ಮೇಲೆ ನೋಡಿದರು, ಚೀಂವ್ ಚೀಂವ್ ಕೇಳಿದರು. "ಬಾಣತೀನ ಎಬ್ಬಸಬಾರದವಾ. ನಾವ ಎದ್ದ ನಿಂದ್ರೂಣು."

ನಿಂತೇ ಪೂಜೆ. ಸ್ಟೂಲು ಹತ್ತಿ ಗಾಜಿಗೆ ವಿಭೂತಿ ಹಚ್ಚಿ ಮಲ್ಲಿಗೆ ಹಾರ ಹಾಕಿದೆ. ಹೆಣ್ಣುಗುಬ್ಬಿ ಕಿಟಕಿಯಲ್ಲಿ ಕೂತು ನನ್ನನ್ನು ಬೈದದ್ದೇ ಬೈದದ್ದು. ಥೇಟ್ ಅದೇ ಧಾಟಿ. ಅಕ್ಕ ಎಡೆಯ ತಾಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು, ಎಟುಕಿದಷ್ಟು. ಆಮೇಲೆ ಊಟಕ್ಕೆ ಕೂತ ಶಾಂತಯ್ಯನವರಿಗೆ ಬೀಸಣಿಕೆಯಿಂದ ಗಾಳಿ ಹಾಕುತ್ತ ಕೂತಳು.

ಅಫ್ರೀನಳ ತಾಯಿ ಹುಸ್ನಾ ಬಾಗಿಲಲ್ಲಿ ನಿಂತು ಕೈಮುಗಿದಳು. ಅಕ್ಕ ಹೋಳಿಗೆ ಕೊಡಹೋದರೆ "ರೋಜಾ ಐತ್ರಿ ಅಮ್ಮಾ, ಸಂಜಿಗೆ ತಿಂತೇವ್ರಿ" ಎಂದಳು. "ಹಂಗಾರ ಹಸದಿರ್ತೀರಿ, ಇನ್ನೆರಡ ತಗೋ."

ಮಾರ್ಚ್ 9

ಹಾರಿದವು. ಮೂರು ಬೆಳಿಗ್ಗೆಯೇ. ನಾಲ್ಕನೆಯದು ಚೌಕಟ್ಟಿನ ಮೇಲೆ, ಅವಳ ಬೈತಲೆಯ ನೇರಕ್ಕೆ ಕೂತು, ಆಚೆ ನೋಡುವುದು, ಈಚೆ ನೋಡುವುದು. ಅಫ್ರೀನ್ ಉಸಿರು ಬಿಡಲಿಲ್ಲ. ನಾನೂ. ಮಧ್ಯಾಹ್ನದ ಹೊತ್ತಿಗೆ ಅದೂ ಹೋಯಿತು. ಮನೆ ಒಮ್ಮೆಗೇ ಸುಮ್ಮನಾಯಿತು.

ಅಕ್ಕನಿಗೆ ಫೋನು ಮಾಡಿ ಹೇಳಿದೆ. "ಛಲೋ ಆತು," ಎಂದಳು.

ಮಾರ್ಚ್ 16

ನಾಲ್ಕಾರು ದಿನ ಬರೆಯಲಿಲ್ಲ. ಬರೆಯಲು ಏನಿತ್ತು. ಗುಡಿಸಲು ಕಸವೂ ಇರಲಿಲ್ಲ.

ಅಫ್ರೀನ್ ಪ್ರಾಜೆಕ್ಟ್ ತೋರಿಸಿದಳು. ಮಿಸ್ 'ವೆರಿ ಗುಡ್' ಬರೆದಿದ್ದಾರೆ. ಒಳಗೆಲ್ಲ 'ಐ ಸಾ, ಐ ಸಾ'. ಒಂದು ಕಡೆ ಮಾತ್ರ, ನನಗೆ ಬೇಜಾರಾಗದಿರಲೆಂದು, 'ಇಟ್ ವಾಜ್ ಅಬ್ಸರ್ವ್ಡ್ ಬೈ ಅಜ್ಜಾರು'.

"ಇನ್ನ ಫ್ಯಾನ್ ಹಚ್ಚಬಹುದ್ರಿ ಅಜ್ಜಾರ," ಎಂದು ಹೇಳಿ ಮೇಲೆ ಹೋದಳು.

ಎದ್ದೆ. ಪಟ್ಟಿ ಅರ್ಧ ಕಿತ್ತೆ. ಮೇಲೆ ಏನೋ ಪರ್‍ರೆಂದಿತು. ಇಟ್ ವಾಜ್ ಅಬ್ಸರ್ವ್ಡ್ ದ್ಯಾಟ್—ಅಲ್ಲ. ನಾನು ನೋಡಿದೆ. ಹೆಣ್ಣುಗುಬ್ಬಿ. ನೀಲಾಳ ಹಾರದಲ್ಲಿ ಒಣಗಿದ ಮಲ್ಲಿಗೆ ಬಿಟ್ಟು ದಾರವನ್ನಷ್ಟೇ ಕೊಕ್ಕಿನಲ್ಲಿ ಹಿಡಿದು ಎಳೆಯುತ್ತಿದೆ... ಎಳೆಯುತ್ತ ಸಂದಿಯೊಳಗೆ...

ಪಟ್ಟಿ ಮತ್ತೆ ಅಂಟುತ್ತಿಲ್ಲ. ಅಫ್ರೀನಳನ್ನು ಕೂಗಬೇಕು. ಮುಗದಕ್ಕೆ ಫೋನು, ಅಕ್ಕನಿಗೆ, ನೀಲಾ ಮತ್ತೆ—