ಇವತ್ತು ಕೂದಲು ಕತ್ತರಿಸಬೇಡ

ಅಕ್ಕಾ,

ನೀನು ಬರುವವರೆಗೆ ಕಾಯಲೋ, ಹೊರಟುಬಿಡಲೋ ಎಂದು ಯೋಚಿಸಿ ಯೋಚಿಸಿ ಕೊನೆಗೆ ಇದನ್ನು ಬರೆದಿಟ್ಟಿದ್ದೇನೆ. ನಿನ್ನ ಮಗನ ಕೂದಲು ಇವತ್ತು ಕತ್ತರಿಸಬೇಡ. ಕತ್ತರಿ ನನ್ನ ಚೀಲದಲ್ಲಿದೆ, ಮನೆಯೆಲ್ಲ ಹುಡುಕಿ ನನ್ನನ್ನು ಬಯ್ಯಬೇಡ.

ಅಮ್ಮನ ಹರಕೆ ಎಂದು ಶಾಲೆಯವರು ಅವನ ಉದ್ದ ಕೂದಲಿಗೆ ವಿನಾಯಿತಿ ಕೊಟ್ಟಿದ್ದರು, ದಿನವೂ ಬಿಗಿಯಾಗಿ ಜಡೆ ಹಾಕಿರಬೇಕು ಎಂದು ಷರತ್ತು ಹಾಕಿ. ಈಗ ಹೆಡ್‌ಮಾಸ್ಟರು, "ಹರಕೆ ಹೊತ್ತ ಅಜ್ಜಿಯೇ ತೀರಿಕೊಂಡ್ರಲ್ಲ, ಇನ್ಯಾತಕ್ರೀ ವಿನಾಯಿತಿ?" ಅನ್ನುತ್ತಾರೆ. ನೀನೂ ಅದಕ್ಕೆ ತಲೆಯಾಡಿಸಿದೆ. ಅವರ ಕೈಕಾಲು ಹಿಡಿದಾದರೂ ಒಪ್ಪಿಸಿ ಬರುತ್ತೇನೆ.

ಹಾಲು ಕಾಯಿಸಿದ್ದೇನೆ. ಅವನಿನ್ನೂ ಮಲಗಿದ್ದಾನೆ. ನಿದ್ದೆಯಲ್ಲಿ, "ಅಜ್ಜೀ, ಎಳೀಬೇಡ, ನೋಯುತ್ತೆ" ಅಂದರೆ ಎಬ್ಬಿಸಬೇಡ, ಸ್ವಲ್ಪ ಹೊತ್ತಿಗೆ ಸುಮ್ಮನಾಗುತ್ತಾನೆ. ಅಮ್ಮನ ಬಾಚಣಿಗೆ ಅವನ ದಿಂಬಿನ ಪಕ್ಕ ಕಂಡರೆ ಮುಟ್ಟದೆ ಹಾಗೇ ಬಿಡು.

ರಾತ್ರಿ ಪಾಳಿ ಮುಗಿಸಿ ಬಂದಾಗಲೆಲ್ಲ ಅವನ ತಲೆ ನೋಡಿ, "ಎಷ್ಟು ನೀಟಾಗಿ ಹೆಣೆದಿದೀಯೋ! ಅಮ್ಮನ ಕೈಯೇ ಬಂದಿದೆ ಕಣೋ ನಿಂಗೆ" ಎಂದು ನಗುತ್ತೀಯಲ್ಲ, ನಾನೂ ನಿನ್ನ ಜೊತೆ ನಕ್ಕುಬಿಡುತ್ತೇನೆ. ಆ ಜಡೆ ಹಾಕುವುದು ನಾನಲ್ಲ ಎಂದು ನಿನಗೆ ಒಮ್ಮೆಯೂ ಹೇಳಲಿಲ್ಲ.