ಎದೆಮಟ್ಟಕ್ಕೆ ಹಿಡಿಯದ ಫೋನು

ರಾಯದುರ್ಗ,
ಏಪ್ರಿಲ್ ೧೪

ಪವಿತ್ರಕ್ಕನಿಗೆ,

ಅಕ್ಕಾ, ನೀನು ಕೊಟ್ಟ ಫೋನನ್ನು ನಿನ್ನೆಯ ತನಕ ನಾನು ಒಂದು ದಿನವೂ ಕೈಯಲ್ಲಿ ಹಿಡಿದು ನಡೆಯಲಿಲ್ಲ. ಟಗರಿನ ಕೊರಳಿಗೆ ಕಟ್ಟಿದ್ದೆ.

ಬಾಯಲ್ಲೇ ಹೇಳೋಣವೆಂದು ಕರೆ ಮಾಡಿದ್ದೆ. ನಿನ್ನ ದನಿ ಕೇಳಿದ ಮೇಲೆ ಸೋದರತ್ತೆ ಹೇಗಿದ್ದಾಳೆ, ಮಡಕಶಿರದಲ್ಲಿ ಬಿಸಿಲು ಹೇಗಿದೆ ಅಂತ ಕೇಳಿ ಇಟ್ಟುಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ. ಮುಗಿಸಿ ಫೋಟೊ ತೆಗೆದು ಕಳಿಸುತ್ತೇನೆ. ಪೂರ್ತಿ ಓದು, ನಡುವೆ ಬೈಯಲು ಕರೆ ಮಾಡಬೇಡ.

ನೀನು ಹೇಳಿದ್ದು ನೆನಪಿದೆ. ನಿನ್ನ ಎಂ.ಟೆಕ್ ಕೆಲಸಕ್ಕೆ ಎರಡು ಕಡೆಯ ಸಿಗ್ನಲ್ ಅಳತೆ ಬೇಕು. ಮಡಕಶಿರದ ಕಡೆ ನೀನು, ರಾಯದುರ್ಗದ ಕಡೆ ನಾನು. ಹೇಗಿದ್ದರೂ ದಿನಾ ಕುರಿ ಹಿಂದೆ ಅದೇ ದಾರಿಯಲ್ಲಿ ಹೋಗುತ್ತೀಯ, ಫೋನನ್ನು ಎದೆಮಟ್ಟಕ್ಕೆ ಹಿಡಿದುಕೋ, ಉಳಿದದ್ದನ್ನು ಅದೇ ಬರೆದುಕೊಳ್ಳುತ್ತದೆ ಅಂದಿದ್ದೆ. ಆದರೆ ಕುರಿ ಕಾಯುವವನಿಗೆ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಕಲ್ಲು. ಒಂದು ಕಡೆ ನಿಲ್ಲುವ ಜೀವವೂ ನನ್ನದಲ್ಲ. ಟಗರಿಗೆ ದಾರಿ ನನಗಿಂತ ಚೆನ್ನಾಗಿ ಗೊತ್ತು ಅಂದುಕೊಂಡು, ಗಂಟೆಯ ಪಕ್ಕದಲ್ಲಿ ಸಣ್ಣ ಚೀಲದೊಳಗೆ ಕಟ್ಟಿದೆ. ಅಳೆಯುವುದು ಫೋನು, ಯಾರ ಕೊರಳಲ್ಲಿದ್ದರೇನು ಎಂಬುದು ನನ್ನ ಬುದ್ಧಿ.

ಮೊನ್ನೆ ನೀನು ಖುಷಿಯಿಂದ ಹೇಳಿದೆಯಲ್ಲ, ಸಂಜೆಯಾದರೆ ರಾಯದುರ್ಗದ ಕಡೆ ಮಾತ್ರ ಸಿಗ್ನಲ್ ಕುಸಿಯುತ್ತದೆ, ಹೊತ್ತು ಇಳಿದು ಗಾಳಿ ತಣಿದಾಗ ಅಲೆಗಳು ಬಾಗುತ್ತಿರಬೇಕು, ನಿಮ್ಮ ಸರ್ ಪ್ರಬಂಧವನ್ನೆಲ್ಲ ಅದರ ಮೇಲೇ ನಿಲ್ಲಿಸಲು ಹೇಳಿದ್ದಾರೆ ಎಂದು. ಕಾರಣ ನನಗೆ ಆಗಲೇ ಗೊತ್ತಾಯಿತು. ಸಂಜೆ ನಾನು ಕುರಿಗಳನ್ನು ಹಟ್ಟಿಗೆ ತಿರುಗಿಸುತ್ತೇನೆ. ರಸ್ತೆಗೆ ಬಂದೊಡನೆ ಲಾರಿಗಳಿಗೆ ಬೆದರಿ ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಟಗರೂ ನಡುವೆ ಸಿಕ್ಕಿಕೊಳ್ಳುತ್ತದೆ. ಫೋನು ಉಣ್ಣೆಯಲ್ಲಿ ಹೂತುಹೋಗುತ್ತದೆ. ನಿನ್ನ ಅಲೆಗಳಿಗೆ ಅಡ್ಡ ನಿಂತದ್ದು ನಮ್ಮ ಕುರಿಗಳು, ಅಕ್ಕಾ.

ಈ ಬ್ಯಾಸಿಗ್ಯಾಗ ಪವಿತ್ರನ ಓದು ಮುಗೀಲಿಲ್ಲಂದ್ರ ಹಿರೇಹಾಳ್ ಸಂಬಂಧಕ್ಕ ಹ್ಞೂಂ ಅಂತೀನಿ ಎಂದು ಅಪ್ಪ ಕಟ್ಟೆಯ ಮೇಲೆ ಎಲ್ಲರ ಮುಂದೆ ಹೇಳಿಬಿಟ್ಟಿದ್ದಾನೆ. ಗುರುವಾರ ನಿನ್ನ ವೈವಾ. ಮತ್ತೆ ಅಳೆಯಲು ಹೊತ್ತಿಲ್ಲ. ನಾನು ಬಾಯಿ ಮುಚ್ಚಿಕೊಂಡರೆ ನೀನು ಪಾಸು. ಮುಚ್ಚಿಕೊಂಡು ನೋಡಿದೆ. ಅನ್ನ ಸೇರುತ್ತಿಲ್ಲ.

ಅದರ ಮೇಲೆ ನಿಮ್ಮ ಸರ್ ಅವತ್ತು ನನ್ನನ್ನೂ ಬರಹೇಳಿದ್ದಾರೆ. ಅಳತೆ ಮಾಡಿದ ಹುಡುಗನನ್ನು ನೋಡಬೇಕಂತೆ. ನೀನು ನಗುತ್ತಾ, "ಎದಿಮಟ್ಟ ಹಿಡ್ಕೊಂಡಿದ್ದೆ ಅಂತ ಹೇಳು, ಅಷ್ಟ ಸಾಕು. ಉದ್ದ ಪುರಾಣ ಬ್ಯಾಡ" ಅಂದೆ.

ಹತ್ತನೇ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಉತ್ತರಗಳನ್ನು ಎಲ್ಲರೂ ಬರೆದುಕೊಂಡಾಗ ನಾನು ಖಾಲಿ ಕಾಗದ ಕೊಟ್ಟು ಎದ್ದು ಬಂದೆ. ಶಾಲೆ ಅಲ್ಲಿಗೆ ಮುಗಿಯಿತು. ಊರೆಲ್ಲ ಹುಚ್ಚ ಅಂದಿತು. ನೀನೊಬ್ಬಳೇ ತಲೆ ಸವರಿ, "ನಿನ್ನ ಸತ್ಯಕ್ಕ ನೀನ ತಾನ ಕಳಕೊಂಡಿದ್ದು, ಹೋಗ್ಲಿ ಬಿಡು" ಅಂದೆ. ಈಗ ಕಳೆದುಕೊಳ್ಳುವವಳು ನೀನು.

ನಿನ್ನೆ ಬಯಲಲ್ಲಿ ಒಬ್ಬನೇ ನಿಂತು, ಎದೆಮಟ್ಟ ಹಿಡಿದಿದ್ದೆ ಸಾರ್, ಅಂತ ಹೇಳಿ ನೋಡಿದೆ. ಅರ್ಧಕ್ಕೇ ನಿಂತಿತು. ಕುರಿಗಳ ಮುಂದೆ ಬರದ ಮಾತು ನಿಮ್ಮ ಸರ್ ಮುಂದೆ ಬರುತ್ತದೆಯೇ? ಬರಬೇಡ ಅಂತ ಒಂದು ಮಾತು ಬರೆ ಅಕ್ಕಾ, ಜ್ವರ ಬಂದವನಂತೆ ಇಲ್ಲೇ ಮಲಗಿರುತ್ತೇನೆ. ನಿನ್ನ ಓದು ಉಳಿಯಲಿ. ನನಗೆ ಬೇರೆ ದಾರಿ ಕಾಣುತ್ತಿಲ್ಲ.

ನಿನ್ನ ತಮ್ಮ,
ಹನುಮೇಶ್

ಇದನ್ನು ಬರೆಯಲು ಹೆದರಿ ಕೊನೆಗೆ ಉಳಿಸಿಕೊಂಡೆ. ಇವತ್ತು ಸಂಜೆ ಫೋನನ್ನು ಎದೆಮಟ್ಟಕ್ಕೆ ಹಿಡಿದು ಅದೇ ದಾರಿಯಲ್ಲಿ ನಡೆದೆ. ಸಿಗ್ನಲ್ ಬೀಳಲಿ, ನೀನು ಬರೆದದ್ದೇ ನಿಜವಾಗಲಿ ಎಂದು ಹಟ್ಟಿಯ ತನಕ ಬೇಡಿಕೊಂಡೆ. ಬೀಳಲಿಲ್ಲ. ಬರಬೇಡ ಅಂದರೆ ಮಲಗಿರುತ್ತೇನೆ ಎಂದು ಮೇಲೆ ಬರೆದೆನಲ್ಲ, ಅದು ನನ್ನಿಂದಾಗದು. ನಾಳೆ ಮೊದಲ ಬಸ್ಸಿಗೆ ಮಡಕಶಿರಕ್ಕೆ ಹೊರಡುತ್ತೇನೆ.